ಮತ್ತೆ ಮೈ ಬಿಸಿ

ಜೂನ್ ಮೊದಲ ವಾರ ಅಂಗನವಾಡಿಗೋ ಪ್ಲೇಹೋಮ್‌ಗೋ ಹೋಗಲು ಶುರುಮಾಡಿದ ಮಗು ಮೂರನೇ ವಾರಕ್ಕೆ ಮೂಗು ಸುರಿಸಿಕೊಂಡು ಮನೆಗೆ ಬರುತ್ತದೆ. ಜುಲೈನಲ್ಲಿ ಜ್ವರ. ಅದು ಇಳಿದು ನಾಲ್ಕು ದಿನ ಗೆಲುವಾಗಿ ಆಡಿಕೊಂಡಿತು ಎನ್ನುವಷ್ಟರಲ್ಲಿ ಕೆಮ್ಮು, ಆ ಕೆಮ್ಮು ಪೂರ್ತಿ ಹೋಗುವ ಮೊದಲೇ ಮತ್ತೆ ಮೂಗು. ಗೌರಿಹಬ್ಬದ ಹೊತ್ತಿಗೆ ಮನೆಯ ಕಪಾಟಿನಲ್ಲಿ ಅರ್ಧ ಖಾಲಿಯಾದ ಸೀರಪ್ ಬಾಟಲಿಗಳ ಸಾಲೇ ನಿಂತಿರುತ್ತದೆ; ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವವರಿಗೆ ಮಗುವಿನ ಹೆಸರು ಹೇಳಬೇಕಾಗಿಯೇ ಇಲ್ಲ. ಆಗ ಯಾವ ತಾಯಿಯಾದರೂ ಕೇಳುವ ಪ್ರಶ್ನೆ: "ನಮ್ಮ ಮಗೂಗೆ ಮಾತ್ರ ಯಾಕೆ ಹಿಂಗಾಗ್ತಿದೆ ಡಾಕ್ಟ್ರೇ? ಇಮ್ಯುನಿಟಿ ಕಡಿಮೆ ಇದೆಯಾ?"

"ಏನಿಲ್ಲಮ್ಮ, ವೈರಲ್ಲು. ಈ ವಯಸ್ಸಲ್ಲಿ ಇದೆಲ್ಲ ಮಾಮೂಲಿ." ಡಾಕ್ಟರು ಹೇಳಿದ್ದು ಸುಳ್ಳಲ್ಲ. ಆದರೆ ಆ ಧೈರ್ಯ ಮನೆ ಬಾಗಿಲು ತಲುಪುವವರೆಗೂ ಉಳಿಯುವುದಿಲ್ಲ. ಮಾಮೂಲಿ ಎಂದರೆ ಎಷ್ಟು ಸಲ, ಎಷ್ಟು ದಿನ, ಯಾವುದರ ನಂತರ ಮಾಮೂಲಿ ಅಲ್ಲ ಎನ್ನುವುದನ್ನು ಯಾರೂ ಹೇಳಿರುವುದಿಲ್ಲ. ಲೆಕ್ಕವಿಲ್ಲದ ಸಮಾಧಾನ ರಾತ್ರಿ ಎರಡು ಗಂಟೆಗೆ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಮೊದಲು ಲೆಕ್ಕ.

ಐದು ವರ್ಷದೊಳಗಿನ ಆರೋಗ್ಯವಂತ ಮಗುವಿಗೆ ವರ್ಷಕ್ಕೆ 6ರಿಂದ 8 ಸಲ ನೆಗಡಿ ಬರುವುದು ಸಹಜ. ಹತ್ತಾರು ಮಕ್ಕಳ ಜೊತೆ ಹಗಲು ಕಳೆಯುವ ಮಗುವಾದರೆ 10, 12 ಸಲವೂ ಆಗಬಹುದು. ಒಂದೊಂದು ಸಲಕ್ಕೂ ಎಷ್ಟು ದಿನ? ನಾವೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಮೂರು ದಿನ, ಹೆಚ್ಚೆಂದರೆ ಒಂದು ವಾರ. ಮಕ್ಕಳ ಕೆಮ್ಮು ನೆಗಡಿ ಎಷ್ಟು ದಿನ ಇರುತ್ತದೆ ಎಂದು ನೋಡಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಂದು ವರದಿ ಪ್ರಕಟಿಸಿತು. ನೂರರಲ್ಲಿ ತೊಂಬತ್ತು ಮಕ್ಕಳ ನೆಗಡಿ ಪೂರ್ತಿ ವಾಸಿಯಾಗಲು 15 ದಿನದವರೆಗೆ, ಕೆಮ್ಮು ಪೂರ್ತಿ ಹೋಗಲು 25 ದಿನದವರೆಗೆ ಬೇಕಾಗಬಹುದು ಎನ್ನುತ್ತದೆ ಅದು. ಈಗ ಗುಣಿಸಿ ನೋಡಿ. ವರ್ಷಕ್ಕೆ ಎಂಟು ನೆಗಡಿ, ಒಂದೊಂದಕ್ಕೆ ಎರಡು ವಾರ: 112 ದಿನ. ಇವು ಹನ್ನೆರಡು ತಿಂಗಳಿಗೆ ಸಮನಾಗಿ ಹಂಚಿಕೊಂಡು ಬರುವುದಿಲ್ಲ, ಮಳೆಗಾಲ ಮತ್ತು ಚಳಿಗಾಲದಲ್ಲಿ ಒಟ್ಟೊಟ್ಟಿಗೆ ಬೀಳುತ್ತವೆ. ಅಂದರೆ ಆಗಸ್ಟಿನಲ್ಲಿ ನಿಮ್ಮ ಮಗು ಹುಷಾರಾಗಿದ್ದ ದಿನಗಳಿಗಿಂತ ಮೂಗು ಸೋರುತ್ತಿದ್ದ ದಿನಗಳೇ ಹೆಚ್ಚಾದರೂ ಅದು ಆರೋಗ್ಯವಂತ ಮಗುವೇ. ಯುಗಾದಿ ಹೊತ್ತಿಗೆ ತಾನಾಗಿ ಸುಧಾರಿಸುತ್ತದೆ. ಆ ತಿಂಗಳು ಯಾವ ಟಾನಿಕ್ ಕೊಡುತ್ತಿದ್ದಿರೋ ಅದಕ್ಕೆ ಒಳ್ಳೆಯ ಹೆಸರು ಬರುತ್ತದೆ.

ಇದನ್ನು ಬಹಳ ಹಿಂದೆಯೇ ಕೂತು ಲೆಕ್ಕ ಹಾಕಿದವರಿದ್ದಾರೆ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಜಾನ್ ಡಿಂಗಲ್ ಎಂಬ ವೈದ್ಯರ ತಂಡ 1948ರಲ್ಲಿ ಕೆಲವು ಕುಟುಂಬಗಳನ್ನು ಆಯ್ದುಕೊಂಡು, ಮನೆಯಲ್ಲಿ ಯಾರಿಗೆ ಯಾವಾಗ ಸೀನು, ಯಾರಿಗೆ ಭೇದಿ, ಯಾರಿಗೆ ಜ್ವರ ಎಂದು ವರ್ಷಗಟ್ಟಲೆ ಬರೆದಿಟ್ಟಿತು. 1964ರಲ್ಲಿ ಅದು ಪುಸ್ತಕವಾದಾಗ ಅದರಲ್ಲಿದ್ದದ್ದು 25,000 ಕಾಯಿಲೆಗಳ ಲೆಕ್ಕ. ಅಷ್ಟೂ ಕಾಯಿಲೆಗಳಲ್ಲಿ ಸಿಂಹಪಾಲು ಶೀತ ಕೆಮ್ಮಿನದು, ಅದರಲ್ಲೂ ಚಿಕ್ಕ ಮಕ್ಕಳದು. ಯೂಟಾ ವಿಶ್ವವಿದ್ಯಾಲಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 26 ಮನೆಗಳ ಎಲ್ಲರ ಮೂಗಿನಿಂದಲೂ ಒಂದು ವರ್ಷ ಪೂರ್ತಿ, ವಾರ ತಪ್ಪದೆ, ಸ್ವ್ಯಾಬ್ ತೆಗೆದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮಕ್ಕಳಿಲ್ಲದ ಮನೆಗಳಲ್ಲಿ ವರ್ಷಕ್ಕೆ ಮೂರು ನಾಲ್ಕು ವಾರ ವೈರಸ್ ಇದ್ದರೆ, ಒಂದು ಮಗುವಿದ್ದ ಮನೆಯಲ್ಲಿ 18 ವಾರ. ಐದು ವರ್ಷದೊಳಗಿನ ಮಕ್ಕಳ ಮೂಗಿನಲ್ಲಂತೂ ಹೆಚ್ಚುಕಡಿಮೆ ಅರ್ಧ ವರ್ಷ ಯಾವುದಾದರೊಂದು ವೈರಸ್ಸಿನ ವಾಸ. ಅದರಲ್ಲಿ ಅರ್ಧದಷ್ಟು ಸಲ ಮಗು ಸೀನಲೂ ಇಲ್ಲ, ಮನೆಯವರಿಗೆ ಗೊತ್ತಾಗಲೂ ಇಲ್ಲ.

ಕಾರಣ ಸರಳ. ಗರ್ಭದಲ್ಲಿದ್ದಾಗ ತಾಯಿಯ ರಕ್ತದಿಂದ ಹರಿದು ಬಂದ ಪ್ರತಿಕಾಯಗಳು ತವರಿನಿಂದ ಕಟ್ಟಿಕೊಟ್ಟ ಬುತ್ತಿಯ ಹಾಗೆ. ಆರು ತಿಂಗಳಲ್ಲಿ ಬಹುಪಾಲು ಮುಗಿದುಹೋಗುತ್ತವೆ. ಮಗು ತನ್ನದೇ ಪ್ರತಿಕಾಯಗಳನ್ನು ಒಂದೊಂದು ರೋಗಾಣುವಿನ ಎದುರು ಒಂದೊಂದಾಗಿ ತಯಾರಿಸಿಕೊಳ್ಳಬೇಕು. ನೆಗಡಿ ತರುವ ರೈನೋವೈರಸ್ ಒಂದರಲ್ಲೇ 150ಕ್ಕೂ ಹೆಚ್ಚು ಬಗೆಗಳಿವೆ, ಒಂದಕ್ಕೆ ಕಲಿತ ಪಾಠ ಇನ್ನೊಂದಕ್ಕೆ ಅಷ್ಟಾಗಿ ಆಗುವುದಿಲ್ಲ. ಅಮೆರಿಕದ ಟೂಸಾನ್‌ನಲ್ಲಿ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನವೊಂದು 2002ರಲ್ಲಿ ಹೇಳಿದ್ದು ಹೀಗೆ: ಎರಡನೇ ವಯಸ್ಸಿನಲ್ಲಿ ದೊಡ್ಡ ಡೇಕೇರ್‌ಗೆ ಹೋಗುತ್ತಿದ್ದ ಮಕ್ಕಳಿಗೆ ಆಗ ನೆಗಡಿ ಹೆಚ್ಚು, ಆದರೆ ಶಾಲೆಗೆ ಹೋಗುವ ವಯಸ್ಸಿನಲ್ಲಿ ಮನೆಯಲ್ಲೇ ಬೆಳೆದ ಮಕ್ಕಳಿಗಿಂತ ಕಡಿಮೆ. ಹದಿಮೂರರ ಹೊತ್ತಿಗೆ ಇಬ್ಬರೂ ಒಂದೇ. ಈ ನೆಗಡಿಗಳನ್ನು ಈಗ ಅನುಭವಿಸಬೇಕೋ ಆಮೇಲೋ ಎನ್ನುವಷ್ಟೇ ವ್ಯತ್ಯಾಸ ಎಂದಾಯಿತು.

ಇಷ್ಟು ಗೊತ್ತಿದ್ದರೂ ಆತಂಕ ಬಿಡುವುದಿಲ್ಲ. ಅದು ಹಗಲಿನಲ್ಲಿ ಎಲ್ಲೋ ಇದ್ದು ರಾತ್ರಿಗೆ ಸರಿಯಾಗಿ ಬರುತ್ತದೆ. ಅದಕ್ಕೂ ದೇಹದಲ್ಲೇ ಕಾರಣವಿದೆ. ಯಾರ ಮೈಯ ಉಷ್ಣತೆಯಾದರೂ ಬೆಳಗಿನ ಜಾವ ಕಡಿಮೆ, ಸಂಜೆಗೆ ಹೆಚ್ಚು. ಜ್ವರವೂ ಆ ಏರಿಳಿತದ ಮೇಲೆಯೇ ಕೂರುತ್ತದೆ. ಮಲಗಿದಾಗ ಮೂಗಿನ ಸಿಂಬಳ ಗಂಟಲಿಗೆ ಇಳಿದು ಕೆಮ್ಮು ಜೋರಾಗುತ್ತದೆ. ಕ್ಲಿನಿಕ್ ಮುಚ್ಚಿರುತ್ತದೆ, ಮನೆಯವರೆಲ್ಲ ಮಲಗಿರುತ್ತಾರೆ, ಕೈಯಲ್ಲಿ ಫೋನ್ ಇರುತ್ತದೆ. ಆ ಹೊತ್ತಿನಲ್ಲಿ "ಮಗುವಿಗೆ 103 ಜ್ವರ" ಎಂದು ಗೂಗಲ್‌ನಲ್ಲಿ ಹುಡುಕಿದವರಿಗೆ ಸಿಗುವುದು ಜಗತ್ತಿನ ಎಲ್ಲ ಭಯಾನಕ ಕಾಯಿಲೆಗಳ ಪಟ್ಟಿ.

ಜ್ವರದ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು, ಏಕೆಂದರೆ ಅರ್ಧಕ್ಕರ್ಧ ಆತಂಕ ಅಲ್ಲೇ ಇದೆ. 1980ರಲ್ಲಿ ಬಾರ್ಟನ್ ಶ್ಮಿಟ್ ಎಂಬ ಅಮೆರಿಕದ ಮಕ್ಕಳ ವೈದ್ಯರು ತಮ್ಮಲ್ಲಿಗೆ ಬಂದ ತಂದೆತಾಯಿಯರನ್ನು ಕೇಳಿ ನೋಡಿದರು. ಸಾಧಾರಣ ಜ್ವರವೂ ಮಿದುಳಿಗೆ ಹಾನಿ ಮಾಡುತ್ತದೆ ಎಂದು ನಂಬಿದವರೇ ಹೆಚ್ಚು, ಔಷಧಿ ಕೊಡದಿದ್ದರೆ ಜ್ವರ ಏರುತ್ತಲೇ ಹೋಗುತ್ತದೆ ಎಂದು ನಂಬಿದವರೂ ಇದ್ದರು. ಇದಕ್ಕೆ ಅವರು ಜ್ವರದ ಫೋಬಿಯಾ ಎಂದೇ ಹೆಸರಿಟ್ಟರು. ವಾಸ್ತವದಲ್ಲಿ ಸೋಂಕಿನಿಂದ ಬರುವ ಜ್ವರಕ್ಕೆ ದೇಹವೇ ಒಂದು ಮಿತಿ ಹಾಕಿಕೊಂಡಿರುತ್ತದೆ, ಅದು 106 ಡಿಗ್ರಿ ಫ್ಯಾರನ್‌ಹೀಟ್ ದಾಟುವುದು ತೀರಾ ಅಪರೂಪ. ಬಿಸಿಲಿನಲ್ಲಿ ಬಾಗಿಲು ಮುಚ್ಚಿದ ಕಾರಿನೊಳಗೆ ಸಿಕ್ಕಿಕೊಂಡ ಮಗುವಿನ ಮೈ ಕಾಯುವುದು ಬೇರೆ, ಅದು ನಿಜವಾಗಿಯೂ ಪ್ರಾಣಾಪಾಯ. ನೆಗಡಿ ಜ್ವರ ಹಾಗಲ್ಲ. ಪ್ಯಾರಸಿಟಮಾಲ್ ಕೊಡುವುದು ಮಗುವಿನ ಮೈಕೈ ನೋವು, ಸಂಕಟ ಕಡಿಮೆಯಾಗಲಿ ಎಂದು. ಥರ್ಮಾಮೀಟರಿನ ಅಂಕಿಯನ್ನು 98.6ಕ್ಕೆ ಎಳೆದು ತರಲಿಕ್ಕಲ್ಲ. 102 ಜ್ವರದಲ್ಲಿ ಚೆಂಡು ಒದೆಯುತ್ತಿರುವ ಮಗುವಿಗಿಂತ 100ರಲ್ಲಿ ಕಣ್ಣು ಬಿಡದೆ ಸೊರಗಿ ಮಲಗಿರುವ ಮಗುವಿನ ಬಗ್ಗೆ ಡಾಕ್ಟರಿಗೆ ಹೆಚ್ಚು ಚಿಂತೆ.

ಫಿಟ್ಸ್ ಬಂದರೆ? ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ 2ರಿಂದ 5 ಮಕ್ಕಳಿಗೆ ಜ್ವರದ ಜೊತೆ ಸೆಳೆತ ಬರುತ್ತದೆ. ಕಣ್ಣೆದುರು ಕಂಡವರಿಗೆ ಅದಕ್ಕಿಂತ ಭಯಂಕರವಾದದ್ದು ಇನ್ನೊಂದಿಲ್ಲ. ಆದರೂ ಬಹುಪಾಲು ಒಂದೆರಡು ನಿಮಿಷದಲ್ಲಿ ನಿಲ್ಲುತ್ತದೆ, ಮಿದುಳಿಗೆ ಪೆಟ್ಟು ಮಾಡುವುದಿಲ್ಲ. ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು, ಗಡಿಯಾರ ನೋಡಬೇಕು, ಬಾಯಿಗೆ ಚಮಚ ತುರುಕಬಾರದು. ಕೈಗೆ ಬೀಗದ ಕೈ ಹಿಡಿಸುವುದರಿಂದ, ಈರುಳ್ಳಿ ಜಜ್ಜಿ ಮೂಸಿಸುವುದರಿಂದ ಏನೂ ಆಗುವುದಿಲ್ಲ, ಹೊತ್ತು ಹೋಗುತ್ತದೆ ಅಷ್ಟೆ. ಐದು ನಿಮಿಷ ದಾಟಿದರೆ 108 ಆಂಬುಲೆನ್ಸ್ ಕರೆಯಬೇಕು. ಮೊದಲ ಸಲ ಬಂದದ್ದಾದರೆ, ನಿಂತ ಮೇಲೂ ಅವತ್ತೇ ಡಾಕ್ಟರಿಗೆ ತೋರಿಸಬೇಕು.

ಆತಂಕದಲ್ಲಿರುವವರು ಮಾಡುವ ಇನ್ನೊಂದು ಕೆಲಸ ಥರ್ಮಾಮೀಟರ್ ಇಡುವುದು. ಇಡುವುದು, ನೋಡುವುದು, ಹತ್ತು ನಿಮಿಷ ಬಿಟ್ಟು ಮತ್ತೆ ಇಡುವುದು. ಹಣೆ ಮುಟ್ಟಿ ನೋಡುವುದು, ನಿದ್ದೆಯಲ್ಲಿ ಉಸಿರಾಡುತ್ತಿದೆಯೋ ಎಂದು ಮೂಗಿನ ಬಳಿ ಬೆರಳು ಹಿಡಿಯುವುದು. ಹೀಗೆ ಪರೀಕ್ಷಿಸಿದಷ್ಟೂ ಮನಸ್ಸು ಹಗುರಾಗಬೇಕಲ್ಲ, ಆಗುವುದಿಲ್ಲ. ನೆದರ್ಲೆಂಡ್ಸ್‌ನ ಮಾರ್ಸೆಲ್ ಫಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ ಎಂಬ ಮನೋವಿಜ್ಞಾನಿಗಳು 2003ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಕಂಪ್ಯೂಟರ್ ಪರದೆಯ ಮೇಲೆ ಒಂದು ಗ್ಯಾಸ್ ಒಲೆ. ಆರಿಸಿದ್ದೇವೆಯೇ ಎಂದು ಪದೇ ಪದೇ ನೋಡಬೇಕು. ಹಾಗೆ ಮತ್ತೆ ಮತ್ತೆ ನೋಡಿದವರ ನೆನಪು ತಪ್ಪಾಗಿರಲಿಲ್ಲ, ಆದರೆ ಆ ನೆನಪಿನ ಮೇಲಿನ ನಂಬಿಕೆ ಕುಸಿದಿತ್ತು. ಮಗುವಿನ ವಿಚಾರದಲ್ಲೂ ಇದೇ ಆಗುತ್ತದೆ ಎಂದು ನನಗನ್ನಿಸುತ್ತದೆ. ಹತ್ತನೇ ಸಲ ಹಣೆ ಮುಟ್ಟಿದವರಿಗೆ ಒಂಬತ್ತನೇ ಸಲ ಕಂಡದ್ದರ ಮೇಲೆ ನಂಬಿಕೆ ಇರುವುದಿಲ್ಲ.

ಹಾಗೆಂದು "ಚಿಂತೆ ಮಾಡಬೇಡ" ಎಂದು ಹೇಳಿಬಿಟ್ಟರೆ ಆಯಿತೇ? ಹೆತ್ತವರಿಗೆ ಅದಕ್ಕಿಂತ ನಿರುಪಯೋಗಿ ಸಲಹೆ ಇನ್ನೊಂದಿಲ್ಲ. ಆತಂಕಕ್ಕೆ ಒಂದು ಉದ್ದೇಶವಿದೆ, ಕಾವಲು ಕಾಯುವುದು. ಏನನ್ನು ಕಾಯಬೇಕು ಎಂದು ಗೊತ್ತಿಲ್ಲದಾಗ ಅದು ಎಲ್ಲವನ್ನೂ ಕಾಯಲು ಹೋಗಿ ಸೋಲುತ್ತದೆ. ಅದಕ್ಕೆ ಖಚಿತವಾದ ಕೆಲಸ ಕೊಡುವುದು ನನಗೆ ತಿಳಿದ ಮಟ್ಟಿಗೆ ಒಳ್ಳೆಯ ದಾರಿ.

ಕೆಲಸ ಯಾವುದೆಂದರೆ, ಥರ್ಮಾಮೀಟರ್ ಬದಿಗಿಟ್ಟು ಉಸಿರು ಎಣಿಸುವುದು. ಆಶಾ ಕಾರ್ಯಕರ್ತೆಯರಿಗೆ ಕಲಿಸುವ ವಿದ್ಯೆಯೇ ಇದು, ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಮಗು ಅಳದೆ ಶಾಂತವಾಗಿರುವಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಒಂದು ಪೂರ್ತಿ ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಹೆಚ್ಚು ಇದ್ದರೆ ಡಾಕ್ಟರ ಹತ್ತಿರ ಹೋಗಬೇಕು. ಉಸಿರೆಳೆದಾಗಲೆಲ್ಲ ಪಕ್ಕೆಯ ಕೆಳಗೆ ಗುಳಿ ಬಿದ್ದರೆ ಎಣಿಸುತ್ತ ಕೂರುವುದೂ ಬೇಡ. ಎದೆಹಾಲನ್ನಾಗಲಿ ನೀರನ್ನಾಗಲಿ ಕುಡಿಯಲೇ ಆಗದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಎಬ್ಬಿಸಿದರೂ ಏಳದ ಮಂಪರು, ಎಂಟು ಗಂಟೆ ಕಳೆದರೂ ಉಚ್ಚೆ ಹೊಯ್ಯದಿರುವುದು, ತುಟಿ ನೀಲಿಯಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ರಾತ್ರಿಯೋ ಹಗಲೋ ನೋಡದೆ ಹೊರಡಬೇಕು. ಮೂರು ತಿಂಗಳೊಳಗಿನ ಕೂಸಿಗೆ 100.4 ಜ್ವರ ಬಂದರೆ ಬೇರೇನೂ ಲಕ್ಷಣ ಇಲ್ಲದಿದ್ದರೂ ಹೊರಡಬೇಕು. ಇದನ್ನು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯಲ್ಲೋ ಹಾಸಿಗೆಯ ಪಕ್ಕದ ಗೋಡೆಗೋ ಅಂಟಿಸಿ. ಇವಾವುದೂ ಇಲ್ಲ ಎಂದಾದರೆ ಆ ರಾತ್ರಿಯ ಮಟ್ಟಿಗೆ ಕಾವಲಿನ ಕೆಲಸ ಮುಗಿದಂತೆ.

ಇನ್ನೊಂದು ಪುರಾವೆ ಮನೆಯಲ್ಲೇ ಇರುತ್ತದೆ, ಯಾರೂ ತೆಗೆದು ನೋಡುವುದಿಲ್ಲ: ತಾಯಿ ಕಾರ್ಡ್. ಅದರಲ್ಲಿ ಲಸಿಕೆಯ ಪಟ್ಟಿಯ ಜೊತೆಗೆ ಮಗುವಿನ ತೂಕದ ಗೆರೆ ಇದೆ. ವರ್ಷಕ್ಕೆ ಹತ್ತು ಸಲ ಶೀತವಾಗಿಯೂ ಮಗು ತನ್ನ ಗೆರೆಯ ಜಾಡಿನಲ್ಲೇ ಮೇಲೇರುತ್ತಿದ್ದರೆ ಅದರ ರೋಗನಿರೋಧಕ ವ್ಯವಸ್ಥೆ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಅಂಗನವಾಡಿಯ ತಕ್ಕಡಿಯಲ್ಲಿ ತೂಗಿಸಿ ಚುಕ್ಕಿ ಹಾಕಿಸಿಕೊಂಡು ಬರುವುದು, ದುಡ್ಡು ಕೊಟ್ಟು ತಂದ ಯಾವ ಇಮ್ಯುನಿಟಿ ಪುಡಿಗಿಂತಲೂ ಮನಸ್ಸಿಗೆ ಹಿತ.

ಹಾಗಿದ್ದರೆ ನಿಜವಾಗಿಯೂ ಅನುಮಾನಪಡಬೇಕಾದ್ದು ಯಾವಾಗ? ಎಷ್ಟು ಸಲ ನೆಗಡಿ ಎನ್ನುವುದಕ್ಕಿಂತ ಎಂಥ ಸೋಂಕು ಎನ್ನುವುದು ಮುಖ್ಯ. ಒಂದು ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ, ನಾಲ್ಕು ಅಥವಾ ಹೆಚ್ಚು ಸಲ ಕಿವಿಯ ಸೋಂಕು, ಮತ್ತೆ ಮತ್ತೆ ಆಳವಾದ ಕುರು, ವರ್ಷ ತುಂಬಿದ ಮೇಲೂ ಬಾಯೊಳಗೆ ಉಳಿದೇ ಇರುವ ಬಿಳಿ ಪದರ, ಏರದ ತೂಕ ಇದ್ದರೆ ರೋಗನಿರೋಧಕ ಶಕ್ತಿಯ ಹುಟ್ಟು ಕೊರತೆ ಇದೆಯೇ ಎಂದು ಪರೀಕ್ಷೆ ಮಾಡಿಸುವುದು ಸರಿ. ನಮ್ಮ ಕಡೆ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇನ್ನೂ ಇದೆ. ಇಂಥ ಕೊರತೆಗಳಲ್ಲಿ ಹಲವು ತಂದೆತಾಯಿ ಇಬ್ಬರ ಕಡೆಯಿಂದಲೂ ಒಂದೇ ದೋಷ ಬಂದಾಗ ಕಾಣಿಸಿಕೊಳ್ಳುವಂಥವು. ಹಾಗಾಗಿ ಒಳಸಂಬಂಧದ ಮದುವೆಯಾಗಿದ್ದರೆ, ಮನೆತನದಲ್ಲಿ ಕೂಸುಗಳು ಸೋಂಕಿನಿಂದ ತೀರಿಕೊಂಡಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಬೇಕು. ಇಷ್ಟು ಗಂಭೀರವಲ್ಲದ, ಆದರೆ ಸುಲಭವಾಗಿ ಸರಿಹೋಗುವ ಸಂಗತಿಗಳೂ ಇವೆ. ಪ್ರತಿ ನೆಗಡಿಯೂ ಎದೆಗಿಳಿದು ಸುಯ್ಯೆಂದು ಸದ್ದಾಗುತ್ತಿದ್ದರೆ ಆಸ್ತಮಾ ಇರಬಹುದು. ರಾತ್ರಿಯೆಲ್ಲ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರೆ ಅಡಿನಾಯ್ಡ್. ಮಂಕಾಗಿ ಬಿಳಿಚಿಕೊಂಡಿದ್ದರೆ ರಕ್ತಹೀನತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ 65.5 ಮಕ್ಕಳಿಗೆ ಅದಿದೆ.

ಈಗ ಮನೆಯೊಳಗಿನ ಮಾತಿಗೆ ಬರೋಣ. ಮಗುವಿಗೆ ಮತ್ತೆ ಶೀತವಾದಾಗ ತಾಯಿಯ ಆತಂಕ ಇಮ್ಮಡಿಯಾಗುವುದು ಕಾಯಿಲೆಯಿಂದಲ್ಲ, ವಿಚಾರಣೆಯಿಂದ. "ತಲೆಗೆ ನೀರು ಹಾಕಬೇಡ ಅಂದಿದ್ದೆನಲ್ಲಮ್ಮ." "ಬಾಳೆಹಣ್ಣು ಯಾಕೆ ಕೊಟ್ಟೆ, ಥಂಡಿ ಅಲ್ವಾ ಅದು?" "ನಾವೂ ಆರು ಮಕ್ಕಳನ್ನ ಸಾಕಿದ್ದೀವಿ, ಇಷ್ಟು ಆಸ್ಪತ್ರೆ ಕಂಡಿರಲಿಲ್ಲ." ಗಂಡ ಆಫೀಸಿನಿಂದ ಫೋನ್ ಮಾಡಿ, "ನಿನ್ನೆ ಅಷ್ಟು ಹೊತ್ತು ಹೊರಗೆ ಆಡಲಿಕ್ಕೆ ಬಿಟ್ಟಿದ್ಯಾ?" ಎನ್ನುತ್ತಾನೆ. ಯಾರೂ ಕೆಟ್ಟವರಲ್ಲ, ಎಲ್ಲರಿಗೂ ಮಗುವಿನ ಚಿಂತೆಯೇ. ಆದರೆ ಎಲ್ಲರ ಚಿಂತೆಯೂ ಒಬ್ಬಳ ಮೇಲಿನ ಆರೋಪವಾಗಿ ಬಂದು ಬೀಳುತ್ತದೆ. ಒದ್ದೆ ತಲೆಯಿಂದಾಗಲಿ ಬಾಳೆಹಣ್ಣಿನಿಂದಾಗಲಿ ನೆಗಡಿ ಬರುವುದಿಲ್ಲ. ಬರುವುದು ವೈರಸ್ಸಿನಿಂದ, ಅದು ಸಾಮಾನ್ಯವಾಗಿ ಇನ್ನೊಂದು ಮಗುವಿನ ಕೈಯಿಂದಲೋ, ಎಷ್ಟೋ ಸಲ ಆಫೀಸಿನಿಂದ ಸೀನುತ್ತ ಬಂದು ಮಗುವನ್ನು ಎತ್ತಿ ಮುದ್ದಾಡಿದ ಅಪ್ಪನಿಂದಲೋ.

ಅಜ್ಜಿಯರ ಭಯವನ್ನು ಮಾತ್ರ ನಾನು ತಮಾಷೆ ಮಾಡಲಾರೆ. 1971ರಲ್ಲಿ ಈ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ 129 ಕೂಸುಗಳು ಮೊದಲ ವರ್ಷ ದಾಟಲಿಲ್ಲ. 2020ರ ಹೊತ್ತಿಗೆ ಆ ಸಂಖ್ಯೆ 28ಕ್ಕೆ ಇಳಿದಿತ್ತು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಯ್ಯ ಎಂದೋ, ಗುಂಡಪ್ಪ ಎಂದೋ ಹೆಸರಿಡುತ್ತಿದ್ದ ನಾಡು ನಮ್ಮದು. ಸಾವಿನ ಕಣ್ಣಿಗೆ ಕೂಸು ಬೆಲೆಯಿಲ್ಲದ್ದಾಗಿ ಕಾಣಲಿ ಎಂಬ ಹಂಚಿಕೆ ಅದು. ಮೈ ಬಿಸಿಯಾದ ಕೂಡಲೇ ಅಜ್ಜಿಯ ಎದೆ ಧಸಕ್ಕೆನ್ನುವುದಕ್ಕೆ ಕಂಡದ್ದರ ನೆನಪಿದೆ. ನಡುವೆ ಲಸಿಕೆಗಳು ಬಂದವು, ಓಆರ್‌ಎಸ್ ಬಂತು, ರೋಟಾವೈರಸ್, ನ್ಯುಮೋಕಾಕಲ್ ಲಸಿಕೆಗಳೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವಂತಾಯಿತು. ಅಪಾಯ ಇಳಿಯಿತು, ಭಯ ಮಾತ್ರ ತಲೆಯಿಂದ ತಲೆಗೆ ಹಾಗೇ ಬಂತು.

ಹಾಗಾಗಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತೇನೆ ಎಂದರೆ ತೆಗೆಯಲಿ ಬಿಡಿ, ಒಲೆಗೆ ಹಾಕಿದ ಘಾಟು ಮಗುವಿನ ಮೂಗಿಗೆ ಬಡಿಯದಿದ್ದರೆ ಸಾಕು. ಒಂದು ವರ್ಷ ದಾಟಿದ ಮಗುವಿನ ಕೆಮ್ಮಿಗೆ ಮಲಗುವ ಮುಂಚೆ ಅರ್ಧ ಚಮಚ ಜೇನುತುಪ್ಪ ಕೊಟ್ಟರೆ ಕೆಮ್ಮಿನ ಸೀರಪ್ಪಿಗಿಂತ ವಾಸಿ. ಬೇಡವೇ ಬೇಡ ಎಂದು ಗಟ್ಟಿಯಾಗಿ ಹೇಳಬೇಕಾದ್ದು ಎರಡೇ: ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸುವುದು (ಬೊಟ್ಯುಲಿಸಂ ಎಂಬ ವಿಷಬಾಧೆಯ ಭಯವಿದೆ) ಮತ್ತು ಎಣ್ಣೆಸ್ನಾನದ ನಂತರ ಸಾಂಬ್ರಾಣಿ ಹೊಗೆ ಹಿಡಿಯುವುದು. ಸೊಳ್ಳೆಬತ್ತಿ, ಸಿಗರೇಟು, ಸೌದೆ ಒಲೆಯ ಹೊಗೆಗೂ ಇದೇ ಮಾತು.

ಔಷಧಿಯ ಕಪಾಟಿಗೂ ಆತಂಕಕ್ಕೂ ನೇರ ಸಂಬಂಧ. ಮಗು ಕೆಮ್ಮುತ್ತಿರುವಾಗ ಏನಾದರೂ ಕೊಡಬೇಕು ಎನ್ನಿಸುತ್ತದೆ, ಕೊಟ್ಟರೆ ಮನಸ್ಸಿಗೆ ಸಮಾಧಾನ. ಆ ಸಮಾಧಾನವನ್ನು ಮಾರುವ ವ್ಯಾಪಾರ ದೊಡ್ಡದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸೀರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಅದರ ಬೆನ್ನಿಗೇ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಿ ಕೊಡಲೇಬಾರದು, ಐದು ವರ್ಷದವರೆಗೂ ಸಾಮಾನ್ಯವಾಗಿ ಬೇಡ ಎಂದು ಹೇಳಿತು. ವಿಷ ಬೆರೆಯದಿದ್ದರೂ ಇವುಗಳಿಂದ ಚಿಕ್ಕ ಮಕ್ಕಳಿಗೆ ಉಪಯೋಗ ಅಷ್ಟಕ್ಕಷ್ಟೇ. ಆಂಟಿಬಯೋಟಿಕ್ ವೈರಸ್ಸನ್ನು ಮುಟ್ಟುವುದೂ ಇಲ್ಲ. ಸಿಂಬಳ ಹಸಿರಾದ ಮಾತ್ರಕ್ಕೆ ಅದು ಬೇಕಾಗುವುದಿಲ್ಲ. ಆದರೂ ಕೊಟ್ಟ ಡಾಕ್ಟರ ಕೈಗುಣ ಒಳ್ಳೆಯದು ಎಂಬ ಹೆಸರು ಹೇಗೆ ಬರುತ್ತದೆ? ನೆಗಡಿ ಎರಡು ಮೂರನೇ ದಿನ ಜೋರಾಗಿರುತ್ತದೆ. ಮೊದಲ ಡಾಕ್ಟರು ಕಾಯಿರಿ ಎಂದಿರುತ್ತಾರೆ. ನಾಲ್ಕನೇ ದಿನ ತಾಳ್ಮೆಗೆಟ್ಟು ಎರಡನೆಯವರ ಹತ್ತಿರ ಹೋಗುತ್ತೇವೆ, ಅವರು ಆಂಟಿಬಯೋಟಿಕ್ ಬರೆಯುತ್ತಾರೆ, ಐದನೇ ದಿನ ಹೇಗೂ ಇಳಿಯಬೇಕಾಗಿದ್ದದ್ದು ಇಳಿಯುತ್ತದೆ.

ಪ್ಯಾರಸಿಟಮಾಲ್ ವಿಷಯದಲ್ಲಿ ಇನ್ನೊಂದು ಎಚ್ಚರ. ಮಕ್ಕಳ ಡ್ರಾಪ್ಸ್‌ನಲ್ಲಿ 1 ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ. ಸೀರಪ್ಪಿನಲ್ಲಿ 5 ಎಂಎಲ್‌ಗೆ 125 ಇರುವುದೂ ಉಂಟು, 250 ಇರುವುದೂ ಉಂಟು. ಪಕ್ಕದ ಮನೆಯವರು "ನಮ್ಮ ಪಾಪುಗೆ ಐದು ಎಂಎಲ್ ಕೊಟ್ವಿ" ಎಂದದ್ದನ್ನು ಕೇಳಿ ಡ್ರಾಪ್ಸ್ ಬಾಟಲಿಯಿಂದ ಐದು ಎಂಎಲ್ ಕೊಟ್ಟರೆ ಅದು ಅವರ ಸೀರಪ್ಪಿನ ಎರಡು ಪಟ್ಟೋ ನಾಲ್ಕು ಪಟ್ಟೋ ಆಗುತ್ತದೆ. ಮಗುವಿನ ಈಗಿನ ತೂಕಕ್ಕೆ ಈ ಬಾಟಲಿಯಿಂದ ಎಷ್ಟು ಎಂಎಲ್, ದಿನಕ್ಕೆ ಹೆಚ್ಚೆಂದರೆ ಎಷ್ಟು ಸಲ ಎಂದು ಡಾಕ್ಟರಿಂದಲೇ ಬಾಟಲಿಯ ಮೇಲೆ ಬರೆಸಿಕೊಳ್ಳುವುದು ಒಳ್ಳೆಯದು. ನಡುರಾತ್ರಿ ಲೆಕ್ಕ ಹಾಕುವ ತಲೆಬಿಸಿ ತಪ್ಪುತ್ತದೆ.

ಇದೆಲ್ಲ ಮಗುವಿನ ಮೈಗೆ ಸಂಬಂಧಿಸಿದ್ದು. ಬಹಳ ಮನೆಗಳಲ್ಲಿ ಜ್ವರ ಕಂಡ ಕೂಡಲೇ ಹುಟ್ಟುವ ಮೊದಲ ಚಿಂತೆ ಬೇರೆ: ನಾಳೆ ಯಾರು ರಜೆ ಹಾಕುವುದು? ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿಗೆ ಒಂದು ದಿನ ತಪ್ಪಿದರೆ ಸಂಬಳವೂ ಹೋಯಿತು, ಹಾಜರಾತಿ ಬೋನಸ್ಸೂ ಹೋಯಿತು. ಹೆರಿಗೆ ಸೌಲಭ್ಯದ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ನಂತರ 50 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕೂಸುಗಳಿಗೆ ಕ್ರೆಶ್ ಇರಬೇಕು ಎಂಬ ಕಾನೂನಿದೆ. ನರೇಗಾ ಕೆಲಸದ ಹೆಂಗಸರಿಗಾಗಿ ನಮ್ಮ ರಾಜ್ಯ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯಿತು. ಒಳ್ಳೆಯದೇ. ಆದರೆ ಜ್ವರ ಬಂದ ಮಗುವನ್ನು ಯಾವ ಕ್ರೆಶ್ಶೂ ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಳ್ಳಲೂಬಾರದು. ವರ್ಷಕ್ಕೆ ಎಂಟು ಹತ್ತು ಸಲ ಹುಷಾರು ತಪ್ಪುವುದೇ ಮಕ್ಕಳ ಸಹಜ ಬೆಳವಣಿಗೆಯ ಭಾಗ ಎಂದಾದರೆ ಅದಕ್ಕಾಗಿ ಅಪ್ಪನಿಗೂ ಅಮ್ಮನಿಗೂ ಸಂಬಳ ಸಹಿತ ಒಂದಿಷ್ಟು ದಿನ ಕೊಡುವುದೂ ಉದ್ಯೋಗದ ಸಹಜ ಭಾಗವಾಗಬೇಕಿತ್ತು. ಅಲ್ಲಿಯವರೆಗೆ ಮನೆಯಲ್ಲಾದರೂ ಮಳೆಗಾಲಕ್ಕೆ ಮುಂಚೆಯೇ ಮಾತಾಡಿ ಇಟ್ಟುಕೊಳ್ಳಬಹುದು: ಮೊದಲ ಜ್ವರಕ್ಕೆ ಯಾರ ರಜೆ, ಎರಡನೆಯದಕ್ಕೆ ಯಾರದು, ರಾತ್ರಿ ಒಂದು ಗಂಟೆಯವರೆಗೆ ಯಾರು ಎಚ್ಚರ, ಆಮೇಲೆ ಯಾರು. ಕಾವಲಿಗೆ ಪಾಳಿ ಇದ್ದರೆ ಪಾಳಿ ಇಲ್ಲದವರು ನಿದ್ದೆ ಮಾಡಬಹುದು. ಮೂರು ರಾತ್ರಿ ನಿದ್ದೆಗೆಟ್ಟವರಿಗೆ ಎಲ್ಲ ಕೆಮ್ಮೂ ನ್ಯುಮೋನಿಯಾದ ಹಾಗೆಯೇ ಕೇಳಿಸುತ್ತದೆ.

ಮಗು ಹುಷಾರಾದ ಮೇಲೂ ಆತಂಕ ಇಳಿಯದ ಮನೆಗಳಿವೆ. ಮಾರಿಸ್ ಗ್ರೀನ್ ಮತ್ತು ಆಲ್ಬರ್ಟ್ ಸಾಲ್ನಿಟ್ ಎಂಬಿಬ್ಬರು ವೈದ್ಯರು 1964ರಲ್ಲಿ ಇದನ್ನು ಗುರುತಿಸಿದರು. ಒಮ್ಮೆ ಮಗು ಕೈಬಿಟ್ಟು ಹೋಗುತ್ತದೆ ಎಂದು ಹೆದರಿದ ತಂದೆತಾಯಿ, ಅದು ಪೂರ್ತಿ ಗುಣವಾಗಿ ವರ್ಷಗಳಾದರೂ ಗಾಜಿನ ಸಾಮಾನನ್ನು ನೋಡಿಕೊಂಡಂತೆ ಅದನ್ನು ನೋಡಿಕೊಳ್ಳುತ್ತಾರೆ. ಅಂಥ ಮಕ್ಕಳು ಅಮ್ಮನನ್ನು ಬಿಟ್ಟಿರಲು ಕಷ್ಟಪಡುವುದು, ಸರಿಯಾಗಿ ನಿದ್ದೆ ಮಾಡದಿರುವುದು, ಮಾತುಮಾತಿಗೆ ಹೊಟ್ಟೆನೋವು ಎನ್ನುವುದು, ಓದಿನಲ್ಲಿ ಹಿಂದೆ ಬೀಳುವುದು ಅವರಿಗೆ ಕಂಡಿತು. "ಇವನು ಸ್ವಲ್ಪ ವೀಕು" ಎಂದು ಬಂದವರೆದುರೆಲ್ಲ ಹೇಳುವ ಮಾತು ಆಡುತ್ತ ಕೂತ ಮಗುವಿನ ಕಿವಿಗೂ ಬೀಳುತ್ತದೆ. ಜ್ವರ ಬಿಟ್ಟು ಒಂದು ದಿನ ಕಳೆದು, ಊಟ ಆಟ ಸರಿಯಾಗಿದ್ದರೆ, ಮೂಗು ಇನ್ನೂ ತುಸು ಸೋರುತ್ತಿದ್ದರೂ ಮಗು ಶಾಲೆಗೆ ಹೋಗಬಹುದು.

ಕೆಲವರ ಆತಂಕ ಇಷ್ಟಕ್ಕೆಲ್ಲ ಬಗ್ಗುವುದಿಲ್ಲ. ಅಂಥವರಿಗಾಗಿ ಮನೋವಿಜ್ಞಾನಿ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಒಂದು ಉಪಾಯ ಪರೀಕ್ಷಿಸಿದ್ದರು: ದಿನಕ್ಕೆ ಅರ್ಧ ಗಂಟೆ, ಒಂದೇ ಹೊತ್ತು, ಒಂದೇ ಜಾಗ, ಅಲ್ಲಿ ಕೂತು ಚಿಂತೆ ಮಾಡುವುದು. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ಆ ಅರ್ಧ ಗಂಟೆಗೆ ಮುಂದೂಡುವುದು. ಕೇಳಲು ನಗು ಬರುತ್ತದೆ, ಆದರೆ ಹಾಗೆ ಮಾಡಿದವರ ಚಿಂತೆಯ ಹೊತ್ತು ಕಡಿಮೆಯಾಯಿತು. ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಸಂಜೆ ಆರಕ್ಕೆ ತೆಗೆದು ನೋಡಿದರೆ, ಬೆಳಿಗ್ಗೆ ಬರೆದದ್ದರಲ್ಲಿ ಅರ್ಧ ಆಗಲೇ ಮುಗಿದಿರುತ್ತದೆ. ಉಳಿದದ್ದು ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳ ಪಟ್ಟಿಯಾಗುತ್ತದೆ.

ಮಗು ಹುಷಾರಾಗಿ ಮಲಗಿದ್ದರೂ ತನಗೆ ನಿದ್ದೆ ಹತ್ತದಿರುವುದು, ಎದೆ ಹೊಡೆದುಕೊಳ್ಳುವುದು, ಊಟ ಸೇರದಿರುವುದು, ಮಗುವಿಗೆ ಏನೋ ಆಗಿಬಿಡುತ್ತದೆ ಎಂಬ ದೃಶ್ಯ ಕಣ್ಣಮುಂದೆ ಬಂದು ಹೋಗುತ್ತಿರುವುದು ಎರಡು ವಾರ ಮೀರಿದರೆ ಚಿಕಿತ್ಸೆ ಬೇಕಾಗಿರುವುದು ತಾಯಿಗೆ, ಅಥವಾ ತಂದೆಗೆ. ಹೆರಿಗೆಯಾಗಿ ವರ್ಷದೊಳಗಿನ ಹೆಂಗಸರಲ್ಲಿ ಇದು ಅಪರೂಪವಲ್ಲ, ಹಾಲುಣಿಸುವವರಿಗೂ ಕೊಡಬಹುದಾದ ಔಷಧಿಗಳಿವೆ. ಮಗುವಿನ ಲಸಿಕೆಗೆಂದು ಹೋದಾಗ ಆ ಡಾಕ್ಟರಿಗೇ ಹೇಳಿದರೂ ನಡೆದೀತು. ಹೋಗಲು ಆಗದವರು 14416ಕ್ಕೆ ಫೋನ್ ಮಾಡಬಹುದು. ಅದು ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಟೆಲಿ ಮನಸ್ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡಬಹುದು, ದಿನದ 24 ಗಂಟೆಯೂ ಇರುತ್ತದೆ, ರಾತ್ರಿ ಎರಡಕ್ಕೂ.